ಬಿಸಿಲಿಗೆ ಕಣ್ಣು ಬಿಡದ ಮಗು



ಝೀರೋಡರ್ಮಾ ಪಿಗ್ಮೆಂಟೋಸಮ್ ಅನುವಂಶೀಯವಾಗಿ ಬರುವ ಅಪರೂಪದ ಚರ್ಮರೋಗ. ವಿಯೆನ್ನಾದ ಮೊರಿಟ್ಸ್ ಕಪೋಸಿ 1870ರ ದಶಕದಲ್ಲೇ ಇದನ್ನು ವಿವರಿಸಿದ್ದರೂ ಕಾರಣ ಬಯಲಾದದ್ದು 1968ರಲ್ಲಿ, ಜೇಮ್ಸ್ ಕ್ಲೀವರ್ ಅವರ ಪ್ರಯೋಗಗಳಿಂದ. ಬಿಸಿಲಿನ ಅತಿನೇರಳೆ ಕಿರಣ ಜೀವಕೋಶದ ಡಿಎನ್‌ಎಯನ್ನು ದಿನವೂ ಕೆಡಿಸುತ್ತದೆ. ಕೋಶ ಅದನ್ನು ಆಗಿಂದಾಗ ದುರಸ್ತಿ ಮಾಡಿಕೊಳ್ಳುತ್ತದೆ. ಈ ರೋಗಿಗಳಲ್ಲಿ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರಷ್ಟೇ ರೋಗ. ಹಾಗಾಗಿ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ಕರ್ನಾಟಕದಲ್ಲಿ ತಂದೆತಾಯಿಯ ನಂಟು ಏನೆಂದು ಕೇಳುವುದು ತಪಾಸಣೆಯ ಭಾಗವೇ.

ಸಾಮಾನ್ಯವಾಗಿ ಮಗುವಿಗೆ ಎರಡು ವರ್ಷ ತುಂಬುವುದರೊಳಗೆ ಮುಖದ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಮಗು ಬೆಳಕಿಗೆ ಕಣ್ಣು ಬಿಡುವುದಿಲ್ಲ. ಮನೆಯವರು ಅದನ್ನು ಹಟವೆಂದುಕೊಳ್ಳುವುದುಂಟು.

ಕಾರ್ನಿಯಾ ಮತ್ತು ಮಸೂರ ಅತಿನೇರಳೆ ಕಿರಣಗಳನ್ನು ಬಹುಪಾಲು ಹೀರಿಕೊಳ್ಳುವುದರಿಂದ ಒಳಗಿನ ಅಕ್ಷಿಪಟಕ್ಕೆ ಅಪಾಯ ಕಡಿಮೆ. ಏಟು ಹೆಚ್ಚಾಗಿ ಬೀಳುವುದು ರೆಪ್ಪೆಗೆ, ಕಣ್ಣಿನ ಮೇಲ್ಮೈಗೆ. ದುರಸ್ತಿಯಾಗದ ಡಿಎನ್‌ಎಯಿಂದಾಗಿ ಅಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆಯಬಹುದು. ಕಣ್ಣಿನಲ್ಲಿ ಅದು ಹೆಚ್ಚಾಗಿ ಹುಟ್ಟುವುದು ಕರಿಗುಡ್ಡೆ, ಬಿಳಿಗುಡ್ಡೆ ಸೇರುವ ಅಂಚಿನಲ್ಲಿ, ಅದೂ ರೆಪ್ಪೆ ತೆರೆದಾಗ ಬಿಸಿಲು ತಾಗುವ ಜಾಗದಲ್ಲಿ. ಮೊದಮೊದಲು ಅದು ಬೂದುಬಿಳಿ ಬಣ್ಣದ, ಲೋಳೆ ಹೆಪ್ಪುಗಟ್ಟಿದಂಥ ಸಣ್ಣ ಉಬ್ಬು. ಸುತ್ತಲಿಂದ ಸೊಟ್ಟಸೊಟ್ಟ ರಕ್ತನಾಳಗಳು ಅದರತ್ತ ಹರಿದಿರುತ್ತವೆ. ದುರ್ಮಾಂಸ (ಟೆರಿಜಿಯಂ) ಎಂದು ತಪ್ಪು ತಿಳಿಯುವುದು ಇಲ್ಲೇ. ಆದರೆ ದುರ್ಮಾಂಸ ಹೊಲದಲ್ಲಿ ದುಡಿದ ದೊಡ್ಡವರ ಕಾಯಿಲೆ, ಮಕ್ಕಳಲ್ಲಿ ತೀರಾ ವಿರಳ. ಉಬ್ಬು ಕಣ್ಣಿನ ಹೊರಪೊರೆಯ ಮೇಲ್ಪದರದಲ್ಲೇ ಇರುವಾಗ ಸಿಕ್ಕಿದರೆ ಕಣ್ಣು ಉಳಿಯುತ್ತದೆ. ಆಳಕ್ಕಿಳಿದರೆ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗಬಹುದು.

ಸುತ್ತಲಿನ ಒಂದಿಷ್ಟು ಆರೋಗ್ಯವಂತ ಪೊರೆಯನ್ನೂ ಸೇರಿಸಿ ಗೆಡ್ಡೆಯನ್ನು ತೆಗೆದು, ಅಂಚಿಗೆ ಶೀತಚಿಕಿತ್ಸೆ ಕೊಡುತ್ತಾರೆ. ಮೈಟೋಮೈಸಿನ್, ಫ್ಲೋರೋಯುರಾಸಿಲ್, ಇಂಟರ್‌ಫೆರಾನ್ ಹನಿಗಳೂ ಬಳಕೆಯಲ್ಲಿವೆ. ಮೂಲದೋಷ ಹಾಗೇ ಇರುವುದರಿಂದ ಗೆಡ್ಡೆ ಮರುಕಳಿಸಬಹುದು, ಇನ್ನೊಂದು ಕಣ್ಣಿಗೂ ಬರಬಹುದು. ಕೆಲವು ತಿಂಗಳಿಗೊಮ್ಮೆ ತಪಾಸಣೆ ಜೀವನಪೂರ್ತಿ ತಪ್ಪದು. ಪಕ್ಕದಿಂದಲೂ ಮುಚ್ಚುವ ಕನ್ನಡಕ, ಅಗಲ ಅಂಚಿನ ಟೋಪಿ, ಕಿಟಕಿಗಾಜಿಗೆ ಫಿಲ್ಮ್, ಕಣ್ಣು ಒಣಗದಂತೆ ಹನಿ, ಬಿಸಿಲು ತಪ್ಪಿದ್ದಕ್ಕೆ ವಿಟಮಿನ್ ಡಿ: ಇವು ಔಷಧಿಯಷ್ಟೇ ಮುಖ್ಯ. ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು.

ಎಳೆಯ ಮಗುವಿನ ಚೀಟಿಯಲ್ಲಿ ‘ದುರ್ಮಾಂಸ’ ಎಂದು ಬರೆಯುವ ಮುನ್ನ ಅದರ ಕೆನ್ನೆ, ತುಟಿ, ಮುಂಗೈಗಳನ್ನು ಒಮ್ಮೆ ಬೆಳಕಿನಲ್ಲಿ ನೋಡಬೇಕು.