ಛೇದದಲ್ಲಿ ಅಕ್ಷರ ಬಂದರೆ

ಗೆಳೆಯರೇ, ಸಮೀಕರಣದ ಛೇದದಲ್ಲಿ ಅಕ್ಷರ ಬಂತೆಂದರೆ ನಮ್ಮಲ್ಲಿ ಅರ್ಧ ಜನ ಪೆನ್ಸಿಲ್ ಕೆಳಗಿಡ್ತಾರೆ. ಅಷ್ಟು ಹೆದರಬೇಕಾಗಿಲ್ಲ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ತಾವತ್’ ಎಂದು ಹೆಸರು, ಚಿಕ್ಕದಾಗಿ ‘ಯಾ’. ನಾನೂ ಹಾಗೇ ಬರೆಯುತ್ತೇನೆ.

ಒಂದು ತೊಟ್ಟಿಗೆ ಎರಡು ನಲ್ಲಿ. ಮೊದಲನೇದು ಮಾತ್ರ ಬಿಟ್ಟರೆ 6 ಗಂಟೆಗೆ ತುಂಬುತ್ತೆ. ಎರಡೂ ಬಿಟ್ಟರೆ 4 ಗಂಟೆ. ಎರಡನೇದು ಮಾತ್ರ ಬಿಟ್ಟರೆ? ‘ಯಾ’ ಗಂಟೆ ಅನ್ನೋಣ. ಒಂದು ಗಂಟೆಯಲ್ಲಿ ತುಂಬುವ ಭಾಗ ಬರೆದರೆ,

1/6 + 1/ಯಾ = 1/4

ಛೇದಗಳ ಲ.ಸಾ.ಅ. 12ಯಾ. (ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಲ.ಸಾ.ಅ.ವನ್ನು ‘ನಿರುದ್ಧ’ ಎಂದು ಕರೆದಿದ್ದಾರೆ.) ಪ್ರತಿಯೊಂದು ಪದವನ್ನೂ ಅದರಿಂದ ಗುಣಿಸಿದರೆ ಛೇದ ಹೋಗುತ್ತೆ.

2ಯಾ + 12 = 3ಯಾ
ಯಾ = 12

ತಾಳೆ: 1/6 + 1/12 = 3/12 = 1/4. ಸರಿ.

ಈಗ ಇದನ್ನು ನೋಡಿ.

ಯಾ/(ಯಾ−3) = 2 + 3/(ಯಾ−3)

(ಯಾ−3)ರಿಂದ ಗುಣಿಸಿದರೆ ಯಾ = 2ಯಾ − 6 + 3. ಅಂದರೆ ಯಾ = 3. ಕೂಡೋದು ಕಳೆಯೋದರಲ್ಲಿ ಎಲ್ಲೂ ತಪ್ಪಿಲ್ಲ, ಆದರೂ ಇದು ಉತ್ತರ ಅಲ್ಲ! 3 ಇಟ್ಟು ತಾಳೆ ನೋಡಿ, ಛೇದ 3−3, ಅಂದರೆ ಸೊನ್ನೆ. ಸೊನ್ನೆಯಿಂದ ಭಾಗಿಸೋ ಹಾಗಿಲ್ಲ. ಹೀಗ್ಯಾಕಾಯ್ತು? ಯಾ 3 ಆದಾಗ ನಾವು ಎರಡೂ ಕಡೆ ಸೊನ್ನೆಯಿಂದಲೇ ಗುಣಿಸಿದ ಹಾಗಾಯ್ತು. ಸೊನ್ನೆಯಿಂದ ಗುಣಿಸಿದರೆ 5 ಮತ್ತು 7 ಕೂಡ ಸಮ ಆಗಿಬಿಡುತ್ತವಲ್ಲ! ಆದ್ದರಿಂದ ಈ ಸಮೀಕರಣಕ್ಕೆ ಪರಿಹಾರವೇ ಇಲ್ಲ. ಹಾಗಂತಲೇ ಬರೆಯಬೇಕು.

ಕೆಳಗಿನ ಎರಡರಲ್ಲಿ ಒಂದಕ್ಕೆ ಉತ್ತರ ಇದೆ, ಒಂದಕ್ಕಿಲ್ಲ. ಯಾವುದಕ್ಕೆ?

4/(ಯಾ−2) = 2ಯಾ/(ಯಾ−2)
8/(ಯಾ−2) = 2ಯಾ/(ಯಾ−2)