ಬೆಲೆಬಾಳುವ ವಾಚು ಕೊಳ್ಳುವ ಮುನ್ನ

ಸಮಯ ಮತ್ತು ಸಂಪತ್ತು ಅಲ್ಲಾಹನು ಮಾನವನ ಕೈಗೆ ಒಪ್ಪಿಸಿರುವ ಎರಡು ದೊಡ್ಡ ಅಮಾನತ್ತುಗಳು. ಆಯುಷ್ಯವನ್ನು ಹೇಗೆ ಕಳೆದೆ, ಸಂಪತ್ತನ್ನು ಎಲ್ಲಿಂದ ಗಳಿಸಿ ಯಾವುದಕ್ಕೆ ವ್ಯಯಿಸಿದೆ ಎಂಬುದಕ್ಕೆ ಉತ್ತರಿಸದೆ ಅಂತ್ಯದಿನದಂದು ದಾಸನು ನಿಂತಲ್ಲಿಂದ ಕದಲುವಂತಿಲ್ಲ ಎಂಬ ಆಶಯದ ಪ್ರವಾದಿ ವಚನವನ್ನು ಇಮಾಮ್ ತಿರ್ಮಿದಿಯವರು ವರದಿ ಮಾಡಿದ್ದಾರೆ. ಈ ಎರಡೂ ಪ್ರಶ್ನೆಗಳು ಒಂದೇ ವಸ್ತುವಿನಲ್ಲಿ ಬಂದು ಸೇರುವುದು ಅಪರೂಪ. ಬೆಲೆಬಾಳುವ ಕೈಗಡಿಯಾರವು ಅಂತಹ ಒಂದು ವಸ್ತು.

ಭಟ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಯುವಕರು ಗಲ್ಫ್ ನಾಡುಗಳಲ್ಲಿ ದುಡಿಯುತ್ತಿದ್ದಾರೆ. ಕೆಲವು ವರ್ಷ ದುಡಿದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ದುಬೈ, ದೋಹಾದ ಅಂಗಡಿ ಗಾಜಿನ ಹಿಂದೆ ಹೊಳೆಯುವ ಸ್ವಿಟ್ಝರ್‌ಲೆಂಡಿನ ಸ್ಟೀಲ್ ವಾಚು ಅವರ ಕಣ್ಣು ಸೆಳೆಯುತ್ತದೆ. ಜೀವನದಲ್ಲಿ ಒಮ್ಮೆಯಾದರೂ ಒಂದು ಒಳ್ಳೆಯ ವಾಚು ಕಟ್ಟಬೇಕೆಂಬ ಆಸೆ ತಪ್ಪೇ? ಕೊಳ್ಳುವುದಾದರೆ ಏನನ್ನು ನೋಡಿ ಕೊಳ್ಳಬೇಕು? ಈ ಪಾಠದಲ್ಲಿ ಇವೆರಡನ್ನೂ ಪರಿಶೀಲಿಸೋಣ.

ಉಕ್ಕಿಗೆ ಇಷ್ಟು ಬೆಲೆ ಬಂದುದು ಹೇಗೆ?

ಇಂದು ಪ್ರತಿಷ್ಠೆಯ ಗುರುತಾಗಿರುವ ಸ್ಟೀಲ್ ಸ್ಪೋರ್ಟ್ಸ್ ವಾಚು ಹುಟ್ಟಿದ್ದು ಪ್ರತಿಷ್ಠೆಗಾಗಿ ಅಲ್ಲ, ಕೆಲಸಕ್ಕಾಗಿ. ರೋಲೆಕ್ಸ್ ಕಂಪೆನಿಯು 1926ರಲ್ಲಿ 'ಆಯ್‌ಸ್ಟರ್' ಎಂಬ ನೀರು ನುಗ್ಗದ ಕೇಸನ್ನು ತಯಾರಿಸಿತು. 1953ರಲ್ಲಿ ಬಂದ 'ಸಬ್‌ಮರೀನರ್' ಮುಳುಗುಗಾರರಿಗಾಗಿ ಮಾಡಿದ್ದು. 1957ರ ಒಮೆಗಾ 'ಸ್ಪೀಡ್‌ಮಾಸ್ಟರ್' ಕಾರು ಓಟದ ಸಮಯ ಅಳೆಯಲು ಬಂದಿತು. 1969ರಲ್ಲಿ ಚಂದ್ರನ ಮೇಲೆ ಇಳಿದ ಗಗನಯಾತ್ರಿಗಳ ಬಳಿಯೂ ಅದಿತ್ತು. ಚಿನ್ನವು ಮೃದುವಾದ ಲೋಹ. ಉಕ್ಕು ಗಟ್ಟಿ, ತುಕ್ಕು ಹಿಡಿಯುವುದಿಲ್ಲ, ಬೆಲೆಯೂ ಕಡಿಮೆ. ಆದ್ದರಿಂದಲೇ ದುಡಿಯುವ ಕೈಗೆ ಉಕ್ಕನ್ನು ಆರಿಸಲಾಯಿತು.

ಪರಿಸ್ಥಿತಿ ಬದಲಾದುದು 1972ರಲ್ಲಿ. ಆ ವರ್ಷ ಆಡೆಮಾರ್ ಪಿಗೆ ಕಂಪೆನಿಯು ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರನಿಂದ 'ರಾಯಲ್ ಓಕ್' ಎಂಬ ಸ್ಟೀಲ್ ವಾಚನ್ನು ಮಾಡಿಸಿ, ಚಿನ್ನದ ವಾಚಿಗೆ ಇಡುವಂತಹ ಬೆಲೆಯನ್ನು ಅದಕ್ಕೆ ಇಟ್ಟಿತು. 1976ರಲ್ಲಿ ಪಾಟೆಕ್ ಫಿಲಿಪ್ ಕಂಪೆನಿಯೂ 'ನಾಟಿಲಸ್' ಮೂಲಕ ಅದೇ ದಾರಿ ಹಿಡಿಯಿತು. ಅಂದಿನಿಂದ ಉಕ್ಕಿನ ವಾಚು ಕೆಲಸದ ಸಲಕರಣೆ ಎಂಬ ಸ್ಥಾನದಿಂದ ಅಂತಸ್ತಿನ ಚಿಹ್ನೆ ಎಂಬ ಸ್ಥಾನಕ್ಕೆ ಏರಿತು. ಇದನ್ನು ತಿಳಿದಿರುವುದು ಅಗತ್ಯ. ಏಕೆಂದರೆ ನಾವು ಕೊಡುವ ಬೆಲೆಯಲ್ಲಿ ಒಂದು ಪಾಲು ಕುಶಲ ಕೆಲಸಕ್ಕೆ ಹೋದರೆ, ಇನ್ನೊಂದು ಪಾಲು ಹೆಸರಿಗೆ ಹೋಗುತ್ತದೆ. ಮೊದಲನೆಯದಕ್ಕೆ ಎಷ್ಟು, ಎರಡನೆಯದಕ್ಕೆ ಎಷ್ಟು ಕೊಡುತ್ತಿದ್ದೇನೆ ಎಂದು ಕೊಳ್ಳುವವನು ತನ್ನನ್ನೇ ಕೇಳಿಕೊಳ್ಳಬೇಕು.

ಸೊಬಗು ನಿಷಿದ್ಧವಲ್ಲ

ಒಳ್ಳೆಯ ವಸ್ತುವನ್ನು ಧರಿಸುವುದೇ ಪಾಪವೆಂದು ಇಸ್ಲಾಮ್ ಕಲಿಸುವುದಿಲ್ಲ. ಅಲ್ಲಾಹನು ತನ್ನ ದಾಸರಿಗಾಗಿ ಹೊರತಂದ ಅಲಂಕಾರವನ್ನು ನಿಷಿದ್ಧಗೊಳಿಸುವ ಅಧಿಕಾರ ಯಾರಿಗಿದೆ ಎಂದು ಪವಿತ್ರ ಕುರ್‌ಆನ್ ಪ್ರಶ್ನಿಸುತ್ತದೆ (7:32). ಅನುಕೂಲವಿದ್ದೂ ಕಳಪೆ ಬಟ್ಟೆಯಲ್ಲಿ ಬಂದ ಓರ್ವ ಅನುಯಾಯಿಗೆ, ಅಲ್ಲಾಹನು ಕೊಟ್ಟ ಅನುಗ್ರಹದ ಕುರುಹು ನಿನ್ನ ಮೇಲೆ ಕಾಣಲಿ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಉಪದೇಶಿಸಿದ್ದರು. ಒಳ್ಳೆಯ ಉಡುಪನ್ನು ಇಷ್ಟಪಡುವುದು ಅಹಂಕಾರವಲ್ಲ. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ತುಚ್ಛವಾಗಿ ಕಾಣುವುದು ಅಹಂಕಾರ ಎಂದೂ ಅವರು ವಿವರಿಸಿದ್ದಾರೆ.

ಪ್ರವಾದಿವರ್ಯರ(ಸ) ಉಂಗುರದ ಪ್ರಸಂಗವು ಇಲ್ಲಿ ಉತ್ತಮ ಮಾದರಿ. ಮುದ್ರೆಯಿಲ್ಲದ ಪತ್ರವನ್ನು ಅರಸರು ಸ್ವೀಕರಿಸುವುದಿಲ್ಲವೆಂದು ತಿಳಿದಾಗ ಅವರು ಬೆಳ್ಳಿಯ ಉಂಗುರವೊಂದನ್ನು ಮಾಡಿಸಿ, ಅದರಲ್ಲಿ ಮುದ್ರೆಯ ಅಕ್ಷರಗಳನ್ನು ಕೆತ್ತಿಸಿದರು. ಅದು ಕೈಗೆ ಶೋಭೆಯೂ ಹೌದು, ಕಾರ್ಯಕ್ಕೆ ಸಾಧನವೂ ಹೌದು. ಆದರೆ ಅದನ್ನು ಮಾಡಿಸಲು ಕಾರಣವಾದುದು ಕಾರ್ಯ. ವಾಚಿನ ವಿಷಯದಲ್ಲೂ ಇದೇ ಕ್ರಮವನ್ನು ಪಾಲಿಸಬಹುದು: ಉಪಯೋಗ ಮೊದಲು, ಸೊಬಗು ಅದರ ಜೊತೆಗೆ, ಜನರ ಕಣ್ಣು ಲೆಕ್ಕಕ್ಕೇ ಬೇಡ.

ಮೊದಲು ಹಣದ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಕುಳಿತು ಮಾಡಬೇಕಾದ ಲೆಕ್ಕವೊಂದಿದೆ. ತಂಗಿಯ ಮದುವೆಗೆ ತಂದೆ ಮಾಡಿದ ಸಾಲ ಇನ್ನೂ ತೀರಿಲ್ಲವೇ? ತಾಯಿಯ ಔಷಧಿಯ ಖರ್ಚು ಅಣ್ಣನೊಬ್ಬನ ತಲೆಯ ಮೇಲಿದೆಯೇ? ಪತ್ನಿಗೆ ಕೊಡಬೇಕಾದ ಮಹ್ರ್ ಬಾಕಿಯಿದೆಯೇ? ಈ ವರ್ಷದ ಝಕಾತ್ ಕೊಟ್ಟಾಗಿದೆಯೇ? ತೀರಿಸಲು ಶಕ್ತನಾದವನು ಸಾಲ ಮರುಪಾವತಿಯನ್ನು ಮುಂದೂಡುವುದು ಅನ್ಯಾಯವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಲಕ್ಷಾಂತರ ರೂಪಾಯಿಯ ವಾಚು ಕೈಯಲ್ಲಿರುವವನು ತಾನು ಅಶಕ್ತನೆಂದು ಯಾವ ಮುಖದಿಂದ ಹೇಳಬಲ್ಲನು? ದುಂದುಗಾರರನ್ನು ಶೈತಾನನ ಸೋದರರೆಂದು ಕರೆಯುವ ಸೂಕ್ತದ ಹಿಂದಿನ ಮಾತೇ ಬಂಧುಗಳ ಮತ್ತು ಬಡವರ ಹಕ್ಕನ್ನು ಸಲ್ಲಿಸಿರಿ ಎಂಬುದು (17:26-27). ಹಕ್ಕು ಸಲ್ಲಿಸಿದ ಮೇಲೆ ಉಳಿದುದು ಮಾತ್ರ ನಿಜವಾಗಿ ನಮ್ಮದು.

ಬಡ್ಡಿಯ ಕಂತಿನಲ್ಲಿ ವಾಚು ಕೊಳ್ಳುವ ಪ್ರಶ್ನೆಯೇ ಇಲ್ಲ. ಕ್ರೆಡಿಟ್ ಕಾರ್ಡಿನ ಮೇಲೆ ಕೊಂಡು ಗಡುವು ಮೀರಿ ಬಡ್ಡಿ ತೆರುವುದೂ ಅದೇ ಸಾಲಿಗೆ ಸೇರುತ್ತದೆ. ಅನ್ನ ಬಟ್ಟೆಯಂತಹ ಅನಿವಾರ್ಯತೆ ಇದರಲ್ಲಿಲ್ಲ. ಕೂಡಿಟ್ಟ ಹಣದಿಂದ ಕೊಳ್ಳಲಾಗದಿದ್ದರೆ ಆ ವಾಚು ಸದ್ಯ ನಮ್ಮ ಅಳತೆಯದಲ್ಲ ಎಂದೇ ತಿಳಿಯಬೇಕು.

ವಾಚಿನ ಬೆಲೆಯ ಜೊತೆಗೆ ಅದರ ಪೋಷಣೆಯ ಖರ್ಚನ್ನೂ ಸೇರಿಸಿಕೊಳ್ಳಿರಿ. ಯಂತ್ರದ ವಾಚನ್ನು ಕಾಲಕಾಲಕ್ಕೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ಒಮೆಗಾ ಕಂಪೆನಿಯು 5ರಿಂದ 8 ವರ್ಷಕ್ಕೊಮ್ಮೆ, ರೋಲೆಕ್ಸ್ ಸುಮಾರು 10 ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಲು ಹೇಳುತ್ತವೆ. ಒಂದು ಸರ್ವೀಸಿಗೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ. ಈ ಖರ್ಚಿಗೆ ಹಿಂಜರಿಯುವವರು ಬ್ಯಾಟರಿ ವಾಚಿನಲ್ಲೇ ಸಂತೃಪ್ತರಾಗುವುದು ಉತ್ತಮ.

ಆರಿಸುವಾಗ ನೋಡಬೇಕಾದ ಅಂಶಗಳು

1. ಗಾತ್ರ: ಇತರರ ಕೈಯಲ್ಲಿ ಚೆನ್ನಾಗಿ ಕಂಡದ್ದು ನಮ್ಮ ಕೈಗೂ ಒಪ್ಪಬೇಕೆಂದಿಲ್ಲ. ರೋಲೆಕ್ಸ್ 'ಎಕ್ಸ್‌ಪ್ಲೋರರ್' ವಾಚಿನ ಒಂದು ಮಾದರಿಯ ಅಗಲ 36 ಮಿ.ಮೀ., ಟ್ಯೂಡರ್ 'ಬ್ಲ್ಯಾಕ್ ಬೇ 58' 39 ಮಿ.ಮೀ., ಇಂದಿನ ಸಬ್‌ಮರೀನರ್ 41 ಮಿ.ಮೀ., ಸ್ಪೀಡ್‌ಮಾಸ್ಟರ್ 42 ಮಿ.ಮೀ. ಅಗಲಕ್ಕಿಂತಲೂ ಮುಖ್ಯವಾದುದು, ಚೈನು ಸಿಕ್ಕಿಸುವ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಉದ್ದ. ಈ ತುದಿಗಳು ಮಣಿಕಟ್ಟಿನ ಅಂಚನ್ನು ದಾಟಿ ಹೊರಚಾಚಿದರೆ ಆ ವಾಚು ದೊಡ್ಡದಾಯಿತು. ದಪ್ಪ ಹೆಚ್ಚಾದರೆ ಅಂಗಿಯ ತೋಳು ಸಿಕ್ಕಿಕೊಳ್ಳುತ್ತದೆ. ಕೈಗೆ ಕಟ್ಟಿ ನೋಡದೆ ಕೊಳ್ಳಬಾರದು.

2. ನಿಖರತೆ: ಬೆಲೆ ಹೆಚ್ಚಿದಷ್ಟೂ ಸಮಯ ನಿಖರ ಎಂಬುದು ತಪ್ಪು ಕಲ್ಪನೆ. ಸ್ವಿಟ್ಝರ್‌ಲೆಂಡಿನ ಸಿ.ಒ.ಎಸ್.ಸಿ. ಸಂಸ್ಥೆಯ ಪ್ರಮಾಣಪತ್ರ ಪಡೆಯುವ ಯಂತ್ರವು ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಓಡಬಹುದು. ಕೆಲವು ನೂರು ರೂಪಾಯಿಯ ಸಾಧಾರಣ ಬ್ಯಾಟರಿ ವಾಚು ತಿಂಗಳಿಗೆ 15-20 ಸೆಕೆಂಡ್ ಮಾತ್ರ ತಪ್ಪುತ್ತದೆ. ರಮಝಾನ್‌ನಲ್ಲಿ ಸಹ್ರಿ, ಇಫ್ತಾರ್‌ಗಳ ನಿಮಿಷ ನೋಡಲು ಅಗ್ಗದ ವಾಚೇ ಹೆಚ್ಚು ನಂಬಿಕಸ್ತ! ಆದ್ದರಿಂದ ಯಂತ್ರದ ವಾಚನ್ನು ಅದರ ಕುಶಲತೆ ಮತ್ತು ಬಾಳಿಕೆಗಾಗಿ ಮೆಚ್ಚಿ ಕೊಳ್ಳಬೇಕೇ ಹೊರತು ನಿಖರತೆಯ ನೆಪ ಹೇಳಬಾರದು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯ ಕೀ ಕೊಡುವ ವಾಚುಗಳನ್ನು ಕಟ್ಟಿಯೇ ನಮ್ಮ ಹಿರಿಯರು ಐದು ಹೊತ್ತಿನ ನಮಾಝನ್ನು ಸಮಯಕ್ಕೆ ಸರಿಯಾಗಿ ನಿರ್ವಹಿಸಿದ್ದರು.

3. ನೀರು: ದಿನಕ್ಕೆ ಐದು ಬಾರಿ ವುಝೂ ಮಾಡುವವನಿಗೆ ಇದು ಮುಖ್ಯ ವಿಷಯ. ಡಯಲಿನ ಮೇಲೆ 50 ಮೀಟರ್ ಎಂದಿದ್ದರೆ ಅಷ್ಟು ಆಳಕ್ಕೆ ಈಜಬಹುದು ಎಂದರ್ಥವಲ್ಲ. ಅದು ನಿಂತ ನೀರಿನ ಒತ್ತಡದ ಪರೀಕ್ಷೆಯ ಅಳತೆ. ಸ್ಪೀಡ್‌ಮಾಸ್ಟರ್ 50 ಮೀಟರಿನದು, ಎಕ್ಸ್‌ಪ್ಲೋರರ್ 100, ಬ್ಲ್ಯಾಕ್ ಬೇ 58 ವಾಚು 200, ಸಬ್‌ಮರೀನರ್ 300 ಮೀಟರಿನದು. ನಿತ್ಯ ಬಳಕೆಗೆ 100 ಮೀಟರ್ ಮತ್ತು ತಿರುಚಿ ಬಿಗಿಯುವ ಕೀ ಇದ್ದರೆ ಸಾಕು. ಒಳಗಿನ ರಬ್ಬರ್ ವಾಷರ್‌ಗಳು ವರ್ಷ ಕಳೆದಂತೆ ಹಳಸುತ್ತವೆ. ಸಾಬೂನು ಮತ್ತು ಬಿಸಿನೀರು ಅವನ್ನು ಬೇಗ ಕೆಡಿಸುತ್ತವೆ. ಕಡಲ ನೀರು, ಬೆವರು ತಗಲಿದರೆ ಸಿಹಿನೀರಿನಲ್ಲಿ ತೊಳೆದು ಒರೆಸಿರಿ.

4. ಚೈನು ಮತ್ತು ಕೊಂಡಿ: ವಾಚು ನೀರಿಗೆ ತಡೆದುಕೊಂಡರೆ ವುಝೂ ಪೂರ್ಣವಾಯಿತೆಂದಲ್ಲ. ಮೊಣಕೈಯವರೆಗೆ ಕೈ ತೊಳೆಯುವಾಗ ವಾಚಿನ ಕೆಳಗಿನ ಚರ್ಮಕ್ಕೂ ನೀರು ತಲುಪಬೇಕು. ಬಿಗಿಯಾದ ವಾಚನ್ನು ಬಿಚ್ಚಬೇಕು, ಅಥವಾ ನೀರು ಸೇರುವಂತೆ ಸರಿಸಬೇಕು. ಹಾಗಾದರೆ ಈ ಕೊಂಡಿಯನ್ನು ವರ್ಷಕ್ಕೆ ಎಷ್ಟು ಸಾವಿರ ಬಾರಿ ತೆರೆಯಬೇಕಾದೀತೆಂದು ಯೋಚಿಸಿರಿ! ಸುಲಭವಾಗಿ ತೆರೆದು ಗಟ್ಟಿಯಾಗಿ ಮುಚ್ಚುವ, ಸೆಕೆಗೆ ಕೈ ಊದಿಕೊಂಡಾಗ ಸ್ವಲ್ಪ ಸಡಿಲಿಸಬಲ್ಲ ಕೊಂಡಿಯನ್ನೇ ಆರಿಸಿರಿ. ಬಿಚ್ಚಿದ ವಾಚನ್ನು ಮಸೀದಿಯ ಹೌಝ್‌ನ ಕಟ್ಟೆಯ ಮೇಲೆ ಇಡದೆ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಮಾಡಿರಿ.

5. ಚರ್ಮ: ವಾಚಿನ ಉಕ್ಕಿನಲ್ಲಿ ನಿಕ್ಕಲ್ ಲೋಹವಿರುತ್ತದೆ. ಕೆಲವರಿಗೆ ಅದರಿಂದ ತುರಿಕೆಯಾಗುತ್ತದೆ. ಅಂತಹವರಿಗೆ ಟೈಟಾನಿಯಂ ವಾಚು ಸೂಕ್ತ.

ಸ್ಟೀಲಿನ ಹೆಸರಿನಲ್ಲಿ ಚಿನ್ನ

ಪುರುಷರಿಗೆ ಚಿನ್ನದ ಆಭರಣ ನಿಷಿದ್ಧವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಸ್ಟೀಲ್ ವಾಚಿನಲ್ಲಿ ಚಿನ್ನ ಎಲ್ಲಿಂದ ಬಂತು ಎಂದು ಅನೇಕರು ಕೇಳಬಹುದು. ಚೈನಿನ ನಡುವಿನ ಕೊಂಡಿಗಳು ಹಳದಿಯಾಗಿರುವ ಎರಡು ಬಣ್ಣದ ವಾಚುಗಳಲ್ಲಿ ಅದು ಅನೇಕ ಕಂಪೆನಿಗಳಲ್ಲಿ ನಿಜವಾದ ಚಿನ್ನವೇ ಆಗಿರುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಬಿಳಿ ಚಿನ್ನ. ರೋಲೆಕ್ಸ್ 'ಡೇಟ್‌ಜಸ್ಟ್' ವಾಚಿನ ಗಾಜಿನ ಸುತ್ತಲೂ ಗೀರುಗೀರಾಗಿರುವ ಬಿಳಿ ಬಳೆಯು ಉಕ್ಕಿನಂತೆ ಕಂಡರೂ ಅದು ಬಿಳಿ ಚಿನ್ನ. ಬಣ್ಣ ಬಿಳಿಯಾದ ಮಾತ್ರಕ್ಕೆ ಚಿನ್ನವು ಚಿನ್ನವಲ್ಲದೆ ಹೋಗುವುದಿಲ್ಲ. ಅದೇ ವಾಚು ನುಣುಪಾದ ಉಕ್ಕಿನ ಬಳೆಯಲ್ಲೂ ಸಿಗುತ್ತದೆ. ಅದನ್ನು ಕೇಳಿ ಪಡೆಯಬಹುದು.

ಹಲವು ಸ್ಟೀಲ್ ವಾಚುಗಳ ಡಯಲಿನ ಪುಟ್ಟ ಗುರುತುಗಳೂ ಚಿನ್ನದವಾಗಿರುತ್ತವೆ. ಇಂತಹ ಅತ್ಯಲ್ಪ ಚಿನ್ನ ಮತ್ತು ಚಿನ್ನದ ಲೇಪದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೊಳ್ಳುವ ಮುನ್ನ ವಾಚಿನ ವಿವರ ಪತ್ರಿಕೆಯನ್ನು ಹಿಡಿದುಕೊಂಡು ಹೋಗಿ, ತಾನು ಅನುಸರಿಸುವ ಮದ್‌ಹಬಿನ ಬಲ್ಲ ಆಲಿಮರಲ್ಲಿ ಕೇಳಿಕೊಳ್ಳುವುದು ಲೇಸು. ಸ್ತ್ರೀಯರಿಗೆ ಚಿನ್ನ ಅನುಮತಿಸಲ್ಪಟ್ಟಿದೆ. ಆದರೆ ದುಂದುವೆಚ್ಚದ ನಿಯಮವು ಇಬ್ಬರಿಗೂ ಒಂದೇ.

ವ್ಯವಹಾರದಲ್ಲಿ ಪ್ರಾಮಾಣಿಕತೆ

ಕೆಲವರು ಅಸಲಿಗೆ ಹಣ ಸಾಲದೆ ನಕಲಿ ವಾಚು ಕಟ್ಟುತ್ತಾರೆ. ನಕಲಿಯನ್ನು ಕಟ್ಟಿ ಅಸಲಿಯೆಂದು ಭಾವಿಸಗೊಡುವುದು ಮಣಿಕಟ್ಟಿನಿಂದ ಹೇಳುವ ಸುಳ್ಳು. ಅದಕ್ಕಿಂತ ಕಡಿಮೆ ಬೆಲೆಯ ಅಸಲಿ ವಾಚಿಗೆ ನೂರು ಪಾಲು ಹೆಚ್ಚು ಗೌರವವಿದೆ.

ಬಳಸಿದ ವಾಚು ಕೊಳ್ಳುವುದರಲ್ಲಿ ಅವಮಾನವಿಲ್ಲ, ಎಚ್ಚರಿಕೆ ಬೇಕು. ಕ್ರಮಸಂಖ್ಯೆಯು ಕಾಗದದೊಂದಿಗೆ ಹೊಂದುತ್ತದೆಯೇ, ಸರ್ವೀಸಿನ ರಶೀದಿ ಇದೆಯೇ, ಪಾಲಿಷ್ ಮಾಡಿ ಕೇಸಿನ ಅಂಚುಗಳನ್ನು ಸವೆಸಲಾಗಿದೆಯೇ ಎಂದು ನೋಡಿರಿ. ಕಾಗದವಿಲ್ಲದೆ ತೀರಾ ಅಗ್ಗಕ್ಕೆ ಬಂದುದು ಕದ್ದ ಮಾಲಾಗಿರಬಹುದು. ಮಾರುವವನಾದರೆ ದೋಷವನ್ನು ಮುಚ್ಚಿಡದೆ ಹೇಳುವುದು ಸತ್ಯವಿಶ್ವಾಸಿಯ ಕರ್ತವ್ಯ.

ಊರಿಗೆ ಬರುವಾಗ, ಕೈಗೆ ಕಟ್ಟಿಕೊಂಡ ಮಾತ್ರಕ್ಕೆ ಹೊಸ ವಾಚಿಗೆ ಸುಂಕವಿಲ್ಲವೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ವಿದೇಶದಲ್ಲಿ ಕೊಂಡ ವಸ್ತುವಿನ ಬೆಲೆ ನಿಗದಿತ ಮಿತಿಯನ್ನು ದಾಟಿದರೆ ವಿಮಾನ ನಿಲ್ದಾಣದಲ್ಲಿ ತಿಳಿಸಿ ಸುಂಕ ಕಟ್ಟಬೇಕು. ಹಲಾಲ್ ಸಂಪಾದನೆಯಿಂದ ಕೊಂಡ ವಸ್ತುವನ್ನು ಸುಳ್ಳಿನ ಬಾಗಿಲಿನಿಂದ ಮನೆಗೆ ತರುವುದೇಕೆ?

ಮುಂದೆ ಬೆಲೆ ಏರೀತೆಂದು ವಾಚಿನಲ್ಲಿ ಹಣ ಹೂಡುವವರೂ ಇದ್ದಾರೆ. 2022ರ ಆರಂಭದಲ್ಲಿ ಬಹಳ ಎತ್ತರಕ್ಕೆ ಏರಿದ್ದ ಬಳಸಿದ ವಾಚುಗಳ ಬೆಲೆ ಆ ಬಳಿಕ ಇಳಿಯಿತು. ದುಬಾರಿಗೆ ಕೊಂಡವರು ನಷ್ಟ ಅನುಭವಿಸಿದರು. ಅಲ್ಲದೆ, ಸ್ವಂತ ಬಳಕೆಯ ಸ್ಟೀಲ್ ವಾಚಿಗೆ ಝಕಾತ್ ಇಲ್ಲವಾದರೂ, ಮಾರಿ ಲಾಭ ಗಳಿಸುವ ಉದ್ದೇಶದಿಂದಲೇ ಕೊಂಡರೆ ಅದು ವ್ಯಾಪಾರದ ಸರಕಾಗುತ್ತದೆ, ಝಕಾತಿನ ಲೆಕ್ಕಕ್ಕೆ ಸೇರುತ್ತದೆ.

ಕೈಗೆ ಕಟ್ಟಿದ ಮೇಲೆ

ಅತ್ಯಂತ ಕಠಿಣ ಪರೀಕ್ಷೆ ಆರಂಭವಾಗುವುದು ವಾಚು ಕೊಂಡ ನಂತರ. ಚಿತ್ತಾರವಿದ್ದ ಹೊದಿಕೆಯೊಂದು ನಮಾಝಿನಲ್ಲಿ ಗಮನ ಸೆಳೆದಾಗ ಪ್ರವಾದಿವರ್ಯರು(ಸ) ಅದನ್ನು ಕೊಟ್ಟವರಿಗೇ ಹಿಂದಿರುಗಿಸಿ, ಸಾದಾ ಹೊದಿಕೆಯನ್ನು ತರಿಸಿಕೊಂಡ ಘಟನೆಯನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ಕೈಕಟ್ಟಿ ನಿಂತಾಗ ದೃಷ್ಟಿಯು ಸಜ್ದಾದ ಸ್ಥಳದಿಂದ ಮಣಿಕಟ್ಟಿಗೆ ಜಾರುತ್ತಿದೆಯೇ? ಮದುವೆ ಮನೆಯಲ್ಲಿ ತೋಳು ತಾನಾಗಿ ಮೇಲೇರುತ್ತಿದೆಯೇ? ಗೆಳೆಯನ ಕೈಯಲ್ಲಿ ಇನ್ನೂ ದುಬಾರಿ ವಾಚು ಕಂಡು ನಮ್ಮದು ಸಪ್ಪೆಯೆನಿಸುತ್ತಿದೆಯೇ? 'ಅತ್ತಕಾಸುರ್' ಅಧ್ಯಾಯವು ಎಚ್ಚರಿಸುವ, ಗೋರಿಯವರೆಗೂ ಮುಗಿಯದ ಪೈಪೋಟಿ ಇದುವೇ. ಮೊದಲ ವಾಚು ಎರಡನೆಯದಕ್ಕೆ ಹಸಿವು ಹುಟ್ಟಿಸಿದರೆ, ನಾವು ವಾಚನ್ನು ಕೊಂಡೆವೋ ವಾಚು ನಮ್ಮನ್ನು ಕೊಂಡಿತೋ ಎಂದು ಯೋಚಿಸಬೇಕಾಗುತ್ತದೆ.

ಹಕ್ಕುಗಳನ್ನು ಸಲ್ಲಿಸಿ, ಸಾಲ ಬಡ್ಡಿಗಳಿಲ್ಲದೆ, ಕೈಗೊಪ್ಪುವ ಒಂದು ಗಟ್ಟಿ ವಾಚನ್ನು ಕೊಂಡು, ಗೀರು ಬಿದ್ದರೂ ಬೇಸರಿಸದೆ ಇಪ್ಪತ್ತು ಮೂವತ್ತು ವರ್ಷ ಬಳಸಿ, ಮಗನ ಕೈಗೆ ದಾಟಿಸುವವನು ವಸ್ತುವಿನ ಹಕ್ಕನ್ನೂ ಸಲ್ಲಿಸಿದವನಾಗುತ್ತಾನೆ. ಅಷ್ಟು ಅನುಕೂಲವಿಲ್ಲದವನು ಏನನ್ನೂ ಕಳೆದುಕೊಂಡಿಲ್ಲ. ಲಕ್ಷದ ವಾಚಿನಲ್ಲೂ ನೂರರ ವಾಚಿನಲ್ಲೂ ಒಂದು ಗಂಟೆಗೆ ಅರುವತ್ತೇ ನಿಮಿಷ. ಕಾಲದ ಮೇಲೆ ಆಣೆಯಿಟ್ಟು ಮಾನವನ ನಷ್ಟವನ್ನು ನೆನಪಿಸುವ 'ಅಲ್‌ಅಸ್ರ್' ಅಧ್ಯಾಯವು ಇಬ್ಬರನ್ನೂ ಸಮಾನವಾಗಿ ಸಂಬೋಧಿಸುತ್ತದೆ.

ಮನೆಯಲ್ಲಿ ಚರ್ಚಿಸಲು:

1. ನಮ್ಮ ಮನೆಯಲ್ಲಿ ಬೆಲೆಬಾಳುವ ವಸ್ತು ಕೊಳ್ಳುವ ಮುನ್ನ ಯಾರ ಯಾರ ಹಕ್ಕು ಬಾಕಿಯಿದೆಯೆಂದು ನೋಡುವ ರೂಢಿಯಿದೆಯೇ?
2. ಯಾರೂ ನೋಡದ ಕಡೆಯಲ್ಲೂ ಇದೇ ವಸ್ತುವನ್ನು ಬಯಸುತ್ತಿದ್ದೆನೇ?
3. ಈಗ ಕೈಯಲ್ಲಿರುವ ವಾಚು ನಮ್ಮನ್ನು ಎಷ್ಟು ಬಾರಿ ಸಮಯಕ್ಕೆ ಸರಿಯಾಗಿ ನಮಾಝಿಗೆ ಎಬ್ಬಿಸಿದೆ?