ಹಾದಿಯನ್ನೇ ಮಕ್ಕಳ ಕೈಗೆ ಕೊಡಿ

ತಮ್ಮಾ, ತಂಗೀ, ದಸರೆ ರಜೆಗೆ ಬೆಂಗಳೂರಿನಿಂದ ಧಾರವಾಡಕ್ಕೆ ಕಾರಿನಲ್ಲೇ ಬರುತ್ತೇವೆ, ಏಳೆಂಟು ತಾಸು ಮಕ್ಕಳನ್ನು ಹೇಗೆ ಸಂಭಾಳಿಸುವುದು ಎಂದು ಕೇಳಿದ್ದೀರಿ. ಸುಮಾರು 430 ಕಿಲೋಮೀಟರ್ ದಾರಿ, ಚಿಂತೆ ಸಹಜವೇ. ನಾನು ಹೇಳುವುದು ಇಷ್ಟೇ: ಮಕ್ಕಳಿಗೆ ದಾರಿ ಮರೆಸಬೇಡಿ, ದಾರಿ ತೋರಿಸುತ್ತ ಕರೆತನ್ನಿ.

ಮೊಬೈಲಿನ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಓಡುವ ಕಾರಿನಲ್ಲಿ ಮಗು ತಲೆ ಬಗ್ಗಿಸಿ ಪರದೆ ನೋಡುವಾಗ ಕಣ್ಣಿಗೆ ಎಲ್ಲವೂ ನಿಂತಂತೆ ಕಾಣುತ್ತದೆ, ಒಳಗಿವಿಗೆ ಮಾತ್ರ ಪ್ರತಿ ತಿರುವೂ ಕುಲುಕೂ ತಿಳಿಯುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸಿ ವಾಂತಿ ಬರುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕಾಟ ಹೆಚ್ಚು. ದೂರದ ಗುಡ್ಡವನ್ನೋ ಮುಂದಿನ ರಸ್ತೆಯನ್ನೋ ನೋಡುತ್ತಿದ್ದರೆ ಕಡಿಮೆಯಾಗುತ್ತದೆ. ಹೊರಗೆ ನೋಡಿಸುವುದು ಆಟವೂ ಹೌದು, ಔಷಧವೂ ಹೌದು.

ನಮ್ಮ ಹೆದ್ದಾರಿಯಲ್ಲಿ ನೋಡಲು ಏನೂ ಇಲ್ಲ ಎಂದು ಯಾರಾದರೂ ಅಂದರೆ ನನಗೆ ನಿಜಕ್ಕೂ ನೋವಾಗುತ್ತದೆ. ತುಮಕೂರಿನ ಸುತ್ತ ತೆಂಗಿನ ತೋಟ. ಶಿರಾ ದಾಟುತ್ತಿದ್ದಂತೆ ನೆಲ ಒಣಗುತ್ತ ಹೋಗುತ್ತದೆ, ಹಿರಿಯೂರಿನಲ್ಲಿ ವೇದಾವತಿ ಸಿಗುತ್ತಾಳೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುತ್ತವೆ. ಅವನ್ನು ಕಂಡಾಗ ಒಂದು ಒಗಟು ಕಟ್ಟಿ ಹೇಳಿ: ಮೂರು ಕೈ ಬೀಸುತ್ತಾನೆ, ಒಂದೇ ಕಾಲಲ್ಲಿ ನಿಂತಿದ್ದಾನೆ, ಯಾರವನು? ಮುಂದಿನ ಒಗಟನ್ನು ಮಕ್ಕಳೇ ಕಟ್ಟಲಿ. ಪ್ರಾಸ ಸಿಗದಿದ್ದರೂ ಚಿಂತೆಯಿಲ್ಲ, ಹಾಲಿನ ಟ್ಯಾಂಕರಿನ ಮೇಲೆ, ಟೋಲ್ ಗೇಟಿನ ಮೇಲೆ, ಅಪ್ಪನ ಕನ್ನಡಕದ ಮೇಲೂ ಒಗಟು ಹುಟ್ಟುತ್ತವೆ. ಒಂದು ತಾಸು ಕಳೆದದ್ದೇ ತಿಳಿಯುವುದಿಲ್ಲ.

ಚಿತ್ರದುರ್ಗದ ಓಬವ್ವನ ಕಥೆಯನ್ನು ಹಿರಿಯೂರಿನಲ್ಲೇ ಶುರುಮಾಡಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವ ಹೊತ್ತಿಗೆ ಕೋಟೆಯ ಬೆಟ್ಟ ಹತ್ತಿರ ಬರಬೇಕು. ಸಾಧ್ಯವಿದ್ದರೆ ಕಾರು ತಿರುಗಿಸಿ ಆ ಕಿಂಡಿಯನ್ನೇ ತೋರಿಸಿ. ಕಲ್ಲು ಮೆಟ್ಟಿಲು ಹತ್ತಿಳಿದ ಮಗು ಆಮೇಲೆ ಸುಮ್ಮನೆ ಕೂರುತ್ತದೆ. ಎರಡು ತಾಸು ತಡವಾಗಿ ಬಂದರೆ ನಾವೇನೂ ಬೇಸರಪಡುವುದಿಲ್ಲ.

ದಾವಣಗೆರೆಯಲ್ಲಿ ಬೆಣ್ಣೆದೋಸೆ, ಅದನ್ನು ನಾನು ಹೇಳಬೇಕಿಲ್ಲ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ಬಂದಾಗ ಮಾತ್ರ ಎಲ್ಲರೂ ಕಿಟಕಿಗೆ ಬರಬೇಕು. 1956ರವರೆಗೆ ಈಚೆ ದಡ ಮೈಸೂರು ರಾಜ್ಯ, ಆಚೆ ದಡ ಮುಂಬಯಿ ರಾಜ್ಯ. ಹೊಳೆಯ ಎರಡೂ ಕಡೆ ಕನ್ನಡ ಆಡುವವರೇ, ಆದರೂ ಸರ್ಕಾರ ಬೇರೆ. ನಿಮ್ಮ ಹತ್ತು ವರ್ಷದ ಹುಡುಗಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಯಾಕೆ ಹಾಗೆ ಎಂದು ಕೇಳಿಯೇ ಕೇಳುತ್ತಾಳೆ, ಹೇಳಲು ತಯಾರಾಗಿರಿ. ಹಾವೇರಿ ಕಡೆ ಕಪ್ಪು ನೆಲ ಯಾವಾಗ ಕಾಣಿಸಿತು ಎಂದು ಸಣ್ಣವನು ಹೇಳಲಿ. ಚಹಾಕ್ಕೆ ನಿಂತಲ್ಲಿ ಜನ ಹೇಗೆ ಮಾತಾಡುತ್ತಾರೆ ಎಂದು ಇಬ್ಬರೂ ಕಿವಿಗೊಟ್ಟು ಕೇಳಲಿ. ಅಜ್ಜನ ಮಾತಿನ ಧಾಟಿ ಆ ಅಂಗಡಿಯಲ್ಲೇ ಅವರಿಗೆ ಸಿಕ್ಕೀತು.

ಓದಲು ಬರುವ ಮಗುವಿಗೆ ನಂಬರ್ ಪ್ಲೇಟು ಒಳ್ಳೆಯ ಆಟ. ಕೆಎ 06 ತುಮಕೂರು, 16 ಚಿತ್ರದುರ್ಗ, 17 ದಾವಣಗೆರೆ, 27 ಹಾವೇರಿ, 25 ನಮ್ಮ ಧಾರವಾಡ. ಒಂದು ಹಾಳೆಯಲ್ಲಿ ಬರೆದುಕೊಡಿ, ಕಂಡದ್ದಕ್ಕೆ ಗೀಟು ಹಾಕಲಿ. ಅಕ್ಷರ ಕಲಿಯುತ್ತಿರುವವನು ಊರಿನ ಫಲಕಗಳ ಕನ್ನಡ ಓದಲಿ. ತಪ್ಪಾಗಿ ಓದಿದರೆ ನಗಬೇಡಿ, ನಕ್ಕರೆ ಮತ್ತೆ ಬಾಯಿ ಬಿಡುವುದಿಲ್ಲ.

ಇದಕ್ಕೆಲ್ಲ ನಿಮ್ಮಲ್ಲೊಬ್ಬರು ಹಿಂದಿನ ಸೀಟಿನಲ್ಲಿ ಕೂರಬೇಕು. ಇದು ಬಹಳ ಮುಖ್ಯ. ಮುಂದೆ ಕೂತು ಕತ್ತು ತಿರುಗಿಸಿ "ಸುಮ್ಮನಿರ್ರಿ" ಎಂದರೆ ಯಾವ ಮಗುವೂ ಕೇಳುವುದಿಲ್ಲ, ಪಕ್ಕದಲ್ಲಿ ಕೂತು ಆಡಿದರೆ ಕೇಳುತ್ತದೆ. ಕಾರು ಓಡಿಸುವವರನ್ನು ಆಟಕ್ಕೆ ಎಳೆಯಬೇಡಿ, ಅವರ ಕಣ್ಣು ರಸ್ತೆಯ ಮೇಲಿರಲಿ.

ರಂಪ ಮಾಡಿದರೆಂದು ಬೆಲ್ಟ್ ಬಿಚ್ಚಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡವೇ ಬೇಡ. ಹದಿನಾಲ್ಕು ತುಂಬದ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಎಂದು 2019ರ ತಿದ್ದುಪಡಿಯಲ್ಲೇ ಇದೆ. ದಂಡದ ಮಾತು ಬಿಡಿ, ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿದರೆ ತಾಯಿಯ ತೋಳಿಗೆ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಅಳು ಜೋರಾದರೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನ ಅಂಗಳದಲ್ಲೋ ನಿಲ್ಲಿಸಿ, ಓಡಾಡಿಸಿ, ಮತ್ತೆ ಕಟ್ಟಿ ಕೂರಿಸಿ. ಅಳದಿದ್ದರೂ ಎರಡು ತಾಸಿಗೊಮ್ಮೆ ಇಳಿಯಲೇಬೇಕು. ತಿನ್ನಲು ಮೊಸರನ್ನ, ಬಾಳೆಹಣ್ಣು, ಅವಲಕ್ಕಿ ಸಾಕು. ಕರಿದದ್ದು ಊರಿಗೆ ಬಂದ ಮೇಲೆ.

ಇನ್ನೊಂದು. "ಬೋರ್ ಆಗ್ತಿದೆ" ಎಂದ ಕೂಡಲೇ ಗಾಬರಿಯಾಗಿ ಹೊಸ ಆಟ ತೆಗೆಯಬೇಡಿ. ಸ್ವಲ್ಪ ಹೊತ್ತು ಬಿಟ್ಟುಬಿಡಿ. ಕಿಟಕಿಗೆ ಹಣೆ ಆನಿಸಿ ತಮ್ಮಷ್ಟಕ್ಕೆ ಏನೋ ಯೋಚಿಸುವ ಹೊತ್ತು ಇಂದಿನ ಮಕ್ಕಳಿಗೆ ಶಾಲೆಯಲ್ಲೂ ಸಿಗುವುದಿಲ್ಲ, ಮನೆಯಲ್ಲೂ ಸಿಗುವುದಿಲ್ಲ. ಶಿಗ್ಗಾವಿ ಹೊತ್ತಿಗೆ ಕತ್ತಲಾಗಿ, ಆಟ ಮುಗಿದು, ನಿಮಗೂ ದಣಿವಾಗಿದ್ದರೆ ಕಾರಿನ ಸ್ಪೀಕರಿನಲ್ಲಿ ಒಂದು ಕಥೆ ಹಾಕಿ. ಕಿವಿಯಲ್ಲಿ ಕೇಳುವ ಕಥೆಗೆ ನನ್ನ ಅಭ್ಯಂತರವಿಲ್ಲ.